ಕಾಡ್ಗಿಚ್ಚಿನ ನೀತಿ: ಚುಕ್ಕಿಗಳ ಲೆಕ್ಕ ಸಾಕೆ?

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳು ಹೊನ್ನಾವರ ಅರಣ್ಯ ವಿಭಾಗಕ್ಕೆ ಸೇರಿವೆ. ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಇಲ್ಲಿ ಕಾಡಿಗೆ ಬೆಂಕಿಯೆ ಎಂದು ಬಯಲುಸೀಮೆಯವರು ಅಚ್ಚರಿಪಡಬಹುದು. ಆದರೆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಫೆಬ್ರವರಿಯ ಹೊತ್ತಿಗೆ ಜಂಬಿಟ್ಟಿಗೆ ಗುಡ್ಡಗಳ ಹುಲ್ಲು ಒಣಗಿ ಕರಡವಾಗಿರುತ್ತದೆ. ಆಮೇಲೆ ಒಂದು ಬೀಡಿ ತುಂಡು ಸಾಕು.

2018ರಲ್ಲಿ ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯವು ಕಾಡ್ಗಿಚ್ಚಿನ ಬಗ್ಗೆ ರಾಷ್ಟ್ರೀಯ ಕ್ರಿಯಾಯೋಜನೆಯೊಂದನ್ನು ಹೊರತಂದಿತು. ಕಾಡಂಚಿನ ಜನರಿಗೆ ತಿಳಿವಳಿಕೆ, ಪ್ರೋತ್ಸಾಹ ನೀಡಿ ಅರಣ್ಯ ಇಲಾಖೆಯೊಡನೆ ಕೈಜೋಡಿಸುವಂತೆ ಮಾಡುವುದು ಅದರ ಘೋಷಿತ ಉದ್ದೇಶ. ಮಾತು ಒಳ್ಳೆಯದೇ. ಆದರೆ ಪ್ರತಿ ಬೇಸಗೆಯಲ್ಲಿ ಸುದ್ದಿಯಾಗುವುದು ಉಪಗ್ರಹ ಕಳಿಸಿದ ಎಚ್ಚರಿಕೆಗಳ ಸಂಖ್ಯೆ. ಕಳೆದ ವರ್ಷ ಇಷ್ಟು, ಈ ವರ್ಷ ಇಷ್ಟು ಎಂದು. ಈ ಸಂಖ್ಯೆ ನಿಜವಾಗಿ ಅಳೆಯುವುದು ಏನನ್ನು?

ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು 2004ರಿಂದ ‘ಮೋಡಿಸ್’, 2017ರಿಂದ ‘ವಿಯರ್ಸ್’ ಸಂವೇದಕದ ಮಾಹಿತಿ ಆಧರಿಸಿ ಎಚ್ಚರಿಕೆ ಕಳಿಸತೊಡಗಿತು. ಸುಮಾರು 800 ಕೆಲ್ವಿನ್ ತಾಪದ ಬೆಂಕಿ ಅತಿ ಹೆಚ್ಚು ವಿಕಿರಣ ಸೂಸುವುದು 3.6 ಮೈಕ್ರೋಮೀಟರ್ ತರಂಗದೂರದ ಬಳಿ. 300 ಕೆಲ್ವಿನ್‌ನ ನೆಲವಾದರೋ 9.7ರ ಬಳಿ (ವೀನ್ ನಿಯಮದಿಂದ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು). ಹಾಗಾಗಿ 4 ಮೈಕ್ರೋಮೀಟರ್ ಆಸುಪಾಸಿನಲ್ಲಿ ನೋಡಿದರೆ ಸಣ್ಣ ಬೆಂಕಿಯೂ ಎದ್ದು ಕಾಣುತ್ತದೆ. ಆದರೆ ವಿಯರ್ಸ್‌ನ ಒಂದು ಚಿತ್ರಬಿಂದುವಿನ ಬದಿ 375 ಮೀಟರ್, ಅಂದರೆ ಸುಮಾರು 14 ಹೆಕ್ಟೇರ್ ನೆಲ. ಅದರೊಳಗೆ ಸುಟ್ಟಿದ್ದು ಒಂದು ಎಕರೆಯೋ ಹತ್ತು ಹೆಕ್ಟೇರೋ, ಚುಕ್ಕಿ ಒಂದೇ. ಮೇಲಾಗಿ ಈ ಉಪಗ್ರಹ ಹಾದುಹೋಗುವುದು ಮಧ್ಯಾಹ್ನ ಮತ್ತು ನಡುರಾತ್ರಿ ಒಂದೂವರೆಯ ಸುಮಾರಿಗೆ. ಮೂರಕ್ಕೆ ಹೊತ್ತಿ ಸಂಜೆಗೆ ಆರಿದ ಕರಡದ ಬೆಂಕಿ ಲೆಕ್ಕಕ್ಕೇ ಸಿಗದಿರಬಹುದು.

ಕಾಡಿಗಾದ ಹಾನಿಯಂತೂ ಚುಕ್ಕಿಯಲ್ಲಿ ಇಲ್ಲವೇ ಇಲ್ಲ. ಭಟ್ಕಳದ ಬೋಳುಗುಡ್ಡದಲ್ಲಿ ಸುಟ್ಟ ಹುಲ್ಲು ಮಳೆ ಬಿದ್ದೊಡನೆ ಚಿಗುರುತ್ತದೆ. ದಪ್ಪ ತೊಗಟೆಯ ಮತ್ತಿ ಮರ ಸಾಧಾರಣ ನೆಲಬೆಂಕಿಯನ್ನು ತಾಳಿಕೊಳ್ಳುತ್ತದೆ. ಗೇರುಸೊಪ್ಪೆ ಕಡೆಯ ನಿತ್ಯಹರಿದ್ವರ್ಣ ಕಾಡಿನ ಮರಗಳದು ತೆಳು ತೊಗಟೆ. ಮೊಣಕಾಲೆತ್ತರದ ಉರಿ ಅಲ್ಲಿ ಹೊಕ್ಕರೂ ಮುಂದಿನ ತಲೆಮಾರಿನ ಸಸಿಗಳು ಹೋದವು. ದಟ್ಟ ಎಲೆಚಪ್ಪರದಡಿಯ ಇಂಥ ಬೆಂಕಿ ಉಪಗ್ರಹಕ್ಕೆ ಕಾಣುವುದೂ ಕಷ್ಟ. ಅತಿ ಹೆಚ್ಚು ಕೇಡು ಮಾಡುವ ಬೆಂಕಿಯೇ ಅತಿ ಕಡಿಮೆ ಎಣಿಕೆಗೆ ಬರುತ್ತದೆ!

ಒಂದೇ ಮಧ್ಯಾಹ್ನ ಎರಡು ಎಚ್ಚರಿಕೆ ಬಂದರೆ, ಬೆರಳೆಣಿಕೆಯ ಕಾವಲುಗಾರರಿರುವ ವಲಯ ಅರಣ್ಯಾಧಿಕಾರಿ ಮೊದಲು ಎಲ್ಲಿಗೆ ಓಡಬೇಕು? ನೀತಿಯೊಂದು ಉತ್ತರಿಸಬೇಕಾದ ಪ್ರಶ್ನೆ ಇದು. ಎಲ್ಲ ಬೆಂಕಿಯೂ ಒಂದೇ ಎಂದು ಬಗೆದ ದೇಶ ಬೇರೆಯೂ ಇದೆ. ಅಮೆರಿಕದ ಅರಣ್ಯ ಸೇವೆ 1935ರಲ್ಲಿ, ಕಂಡ ಬೆಂಕಿಯನ್ನೆಲ್ಲ ಮರುದಿನ ಬೆಳಿಗ್ಗೆ ಹತ್ತರೊಳಗೆ ಹತೋಟಿಗೆ ತರಬೇಕೆಂದು ವಿಧಿಸಿತು. ದಶಕಗಳ ಕಾಲ ಸುಡದೆ ಉಳಿದ ಒಣ ಕಸ ಶೇಖರವಾಗಿ ದೊಡ್ಡ ಬೆಂಕಿಗಳಿಗೆ ಉರುವಲಾಯಿತು. 1978ರಲ್ಲಿ ಆ ನಿಯಮವನ್ನು ಕೈಬಿಟ್ಟರು. ಅಲ್ಲಿನ ಪೈನ್ ಕಾಡಿನ ಪಾಠವನ್ನು ನಮ್ಮ ಘಟ್ಟಕ್ಕೆ ಹಾಗೇ ಅಂಟಿಸುವಂತಿಲ್ಲ. ಉರುವಲಿನ ಲೆಕ್ಕ ಮಾತ್ರ ಎಲ್ಲೆಡೆಯೂ ಬೇಕು.

ಇಲ್ಲಿ ಆ ಉರುವಲನ್ನು ತಗ್ಗಿಸುತ್ತಿದ್ದವರು ಊರವರೇ. ಕೊಟ್ಟಿಗೆಗೆ ಹಾಸಲು ದರಕು ಗುಡಿಸಿ, ಕರಡ ಕೊಯ್ದು ಒಯ್ಯುತ್ತಿದ್ದರು. (ಅತಿಯಾಗಿ ಗುಡಿಸಿದರೆ ನೆಲ ಬಡವಾಗುತ್ತದೆ, ನಿಜ.) 1921ರ ಕಾಲಿನ್ಸ್ ವರದಿಯ ನಂತರ ಕುಮಟಾದ ಹಳಕಾರ, ಚಿತ್ರಗಿಗಳಲ್ಲಿ ಗ್ರಾಮ ಅರಣ್ಯ ಪಂಚಾಯತಿಗಳು ಹುಟ್ಟಿದವು. ಹಳಕಾರದವರು ತಮ್ಮದೇ ಕಾವಲುಗಾರನನ್ನಿಟ್ಟು ಕಾಡು ಕಾಯ್ದರು. ಈಚಿನ ದಶಕಗಳಲ್ಲಿ ದನ ಕಡಿಮೆಯಾದವು, ಗುಡ್ಡಗಳಲ್ಲಿ ಅಕೇಶಿಯಾ ಬಂತು. ಅದರ ‘ಎಲೆ’ ನಿಜವಾಗಿ ಚಪ್ಪಟೆಯಾದ ತೊಟ್ಟು, ಬೇಗ ಕೊಳೆಯದು. ರಾಷ್ಟ್ರೀಯ ಯೋಜನೆಗೆ ಜನರ ಸಹಕಾರ ಬೇಕು, ಆದರೆ ದರಕಿನ ಮೇಲೆ ಅವರಿಗಿರುವ ಹಕ್ಕು ಏನೆಂಬುದನ್ನು ಬಿಟ್ಟು ಸಹಕಾರ ಕೇಳುವುದು ಅರ್ಧ ಮಾತು.

ದರಕಿನ ತೂಕವನ್ನು ಪ್ರೌಢಶಾಲೆಯ ಮಕ್ಕಳೂ ಅಳೆಯಬಲ್ಲರು. ಅಕೇಶಿಯಾ ತೋಪಿನಲ್ಲೊಂದು, ಪಕ್ಕದ ಸೊಪ್ಪಿನಬೆಟ್ಟದಲ್ಲೊಂದು ಚದರ ಮೀಟರ್ ಗುರುತಿಸಿ, ಜನವರಿಯಲ್ಲಿ ಬಿದ್ದಿರುವ ದರಕನ್ನು ಒಣಗಿಸಿ ತೂಗಲಿ. ಮಾರ್ಚ್‌ನಲ್ಲಿ ಬೇರೆ ಎರಡು ಚೌಕಗಳಲ್ಲಿ ಮತ್ತೊಮ್ಮೆ.