ಬುಡಕಟ್ಟಿಲ್ಲದ ಬುಡಕಟ್ಟು ವೇಷ

ನಾಟ್ಯಶಾಸ್ತ್ರವು ಅಭಿನಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಉಡುಗೆತೊಡುಗೆಗಳನ್ನು ಆಹಾರ್ಯವೆಂದು ಕರೆಯಿತು. ಹೊರಗಿನಿಂದ ತಂದುಕೊಂಡದ್ದು ಎಂಬ ಅರ್ಥವೂ ಆ ಪದಕ್ಕಿದೆ. ಹಾಗಾದರೆ ಎಲ್ಲಿಂದ ತಂದದ್ದು, ಯಾರದನ್ನು ತಂದದ್ದು ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ. ಅಮೆರಿಕದಲ್ಲಿ ರೂಪುಗೊಂಡು ಹಲವು ದೇಶಗಳಿಗೆ ಹರಡಿರುವ ‘ಟ್ರೈಬಲ್ ಬೆಲ್ಲಿ ಡಾನ್ಸ್’ನ ವೇಷವನ್ನು ಈ ಪ್ರಶ್ನೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ವೇಷದಲ್ಲಿ ಬಂಜಾರಾ ಕಸೂತಿಯ ತುಣುಕುಗಳೂ ಸೇರಿರುವುದರಿಂದ, ಲಂಬಾಣಿ ತಾಂಡಾಗಳ ನೆರೆಯಲ್ಲಿ ಬದುಕುವ ಗಡಿನಾಡ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ.

ಕೈರೋದ ಮನರಂಜನಾಗೃಹಗಳಲ್ಲಿ 20ನೆಯ ಶತಮಾನದ ಪೂರ್ವಾರ್ಧದಲ್ಲಿ ರೂಢಿಗೆ ಬಂದ ಬೆಲ್ಲಿ ಡಾನ್ಸ್ ವೇಷವೆಂದರೆ ಮಣಿ, ಚಮಕಿಗಳ ಎದೆಗಟ್ಟು ಮತ್ತು ಸೊಂಟಪಟ್ಟಿಯ ಜೋಡಿ. ಪೂರ್ವದೇಶಗಳ ಬಗೆಗಿನ ಹಾಲಿವುಡ್ ಕಲ್ಪನೆಯ ಪ್ರಭಾವವೂ ಅದರ ಮೇಲಿತ್ತು. ಇದಕ್ಕೆ ಭಿನ್ನವಾದ ದಾರಿಯನ್ನು ಜಮೀಲಾ ಸಲಿಂಪೂರ್ ಅವರು 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಬಾಲ್ ಅನಾತ್ ತಂಡವು ತೆರೆಯಿತು. ಹಳೆಯ ಯುರೋಪಿನ ಜಾತ್ರೆಯನ್ನು ಮರುಸೃಷ್ಟಿಸುವ ಬಯಲು ಮೇಳದಲ್ಲಿ ಕುಣಿದ ಆ ತಂಡಕ್ಕೆ ನಾನಾ ನಾಡುಗಳ ಜಾನಪದ ಉಡುಗೆಗಳ ಬೆರಕೆಯೇ ಆಕರ್ಷಣೆಯಾಗಿತ್ತು. ಸಲಿಂಪೂರ್ ಅವರ ಶಿಷ್ಯೆ ಮಾಶಾ ಆರ್ಚರ್. ಆರ್ಚರ್ ಅವರ ಶಿಷ್ಯೆ ಕ್ಯಾರೊಲೀನಾ ನೆರಿಚಿಯೊ. ನೆರಿಚಿಯೊ 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಥಾಪಿಸಿದ ಫ್ಯಾಟ್‌ಚಾನ್ಸ್ ಬೆಲ್ಲಿ ಡಾನ್ಸ್ ತಂಡದ ಶೈಲಿ ಮುಂದೆ ‘ಅಮೆರಿಕನ್ ಟ್ರೈಬಲ್ ಸ್ಟೈಲ್’ ಎಂದು ಹೆಸರಾಯಿತು.

ಈ ಶೈಲಿಯ ವೇಷವನ್ನು ಹೊಂದಿಸುವುದರಲ್ಲಿ ಒಂದು ತರ್ಕವಿದೆ. ಇದು ಸಾಮೂಹಿಕ ಆಶುನೃತ್ಯ. ಮುಂದಾಳು ಕೈಯ, ಸೊಂಟದ ಸನ್ನೆಯಿಂದ ಮುಂದಿನ ಚಲನೆಯನ್ನು ಸೂಚಿಸುತ್ತಾಳೆ. ಉಳಿದವರು ಆ ಕ್ಷಣವೇ ಅನುಸರಿಸುತ್ತಾರೆ. ಮುಂದಾಳುತನ ಒಬ್ಬರಿಂದ ಒಬ್ಬರಿಗೆ ಸಾಗುತ್ತದೆ. ಆದ್ದರಿಂದ ಸನ್ನೆ ಸ್ಪಷ್ಟವಾಗಿ ಕಾಣಲೇಬೇಕು. ಒಳಗೆ ಅಗಲವಾದ ಷರಾಯಿ, ಮೇಲೆ 25 ಗಜದವರೆಗೆ ಅಂಚಿನ ಸುತ್ತಳತೆಯುಳ್ಳ ಲಂಗ, ಸೊಂಟಕ್ಕೆ ಉಣ್ಣೆಗೊಂಡೆಗಳ ಪಟ್ಟಿ, ಬೆನ್ನು ತೆರೆದು ದಾರದಿಂದ ಬಿಗಿಯುವ ಚೋಲಿ, ಅದರ ಮೇಲೆ ನಾಣ್ಯಗಳ ಎದೆಗಟ್ಟು, ತಲೆಗೆ ರುಮಾಲು, ಬೆರಳಿಗೆ ಪುಟ್ಟ ತಾಳ. ಗೊಂಡೆಗಳು ಸೊಂಟದ ಸಣ್ಣ ತಿರುವನ್ನೂ ದೊಡ್ಡದಾಗಿ ತೋರಿಸುತ್ತವೆ. ಲಂಗದ ತೂಕ ಸುತ್ತಿಗೆ ಗಾಂಭೀರ್ಯ ಕೊಡುತ್ತದೆ. ರುಮಾಲು ಕತ್ತನ್ನು ನೆಟ್ಟಗಿರಿಸುತ್ತದೆ. ಎಲ್ಲ ಮೈಕಟ್ಟಿನ, ಎಲ್ಲ ವಯಸ್ಸಿನ ಹೆಂಗಸರಿಗೂ ಒಪ್ಪುವ ಈ ವೇಷದಲ್ಲಿ ನರ್ತಕಿಯರು ಪ್ರೇಕ್ಷಕನ ಮರ್ಜಿಗಿಂತ ಹೆಚ್ಚಾಗಿ ಪರಸ್ಪರರನ್ನು ನೋಡಿಕೊಂಡು ಕುಣಿಯುತ್ತಾರೆ. ಈ ಸಾಧನೆಯನ್ನು ಒಪ್ಪಿಕೊಳ್ಳದ ವಿಮರ್ಶೆ ನ್ಯಾಯವಾದುದಲ್ಲ.

ತೊಡಕು ಕಾಣುವುದು ತುಣುಕುಗಳನ್ನು ಬಿಡಿಬಿಡಿಯಾಗಿ ನೋಡಿದಾಗ. ಚೋಲಿಯ ಮೂಲ ಪಶ್ಚಿಮ ಭಾರತದ್ದು. ಬಲೆಬಟ್ಟೆಯಲ್ಲಿ ಲೋಹದ ಪಟ್ಟಿಗಳನ್ನು ಮಡಚಿ ಕೂರಿಸಿದ ಶಾಲು ಈಜಿಪ್ಟಿನ ಅಸ್ಯೂತ್ ಪಟ್ಟಣದ ಹೆಸರನ್ನು ಹೊತ್ತದ್ದು. ಬಣ್ಣದ ಗಾಜಿನ ದೊಡ್ಡ ಪದಕಗಳು ಆಫ್ಘಾನಿಸ್ತಾನದ ಕುಚಿ ಪಶುಪಾಲಕರವು. ಸೊಂಟಪಟ್ಟಿಗೆ ಹೊಲಿಯುವ ಕನ್ನಡಿ, ಕವಡೆಗಳ ಹಳೆಯ ಕಸೂತಿಯಲ್ಲಿ ಕಛ್‌ನದೂ ಇದೆ, ಬಂಜಾರರದೂ ಇದೆ. ಬಂಜಾರಾ ಹೆಣ್ಣು ನೀರಿನ ಕೊಡದ ಕೆಳಗೆ ಇಟ್ಟುಕೊಳ್ಳುವ ಇಂಡೋಣಿ ಎಂಬ ಸಿಂಬೆಗೆ ಕೂಡಿಕೊಂಡು, ತಲೆಯ ಹಿಂಬದಿಗೆ ಇಳಿಬೀಳುವ ಕಸೂತಿಯ ಚೌಕವೊಂದಿದೆ. ಅದೇ ಚೌಕ ಈ ವೇಷದಲ್ಲಿ ಸೊಂಟಕ್ಕೆ ಬಂದಿದೆ. ಸ್ಥಾನ ಬದಲಾದದ್ದು ತಪ್ಪಲ್ಲ. ವಸ್ತುಗಳು ಎಂದೂ ಕೈಯಿಂದ ಕೈಗೆ ಸಾಗಿವೆ. ಆದರೆ ಕೊಡ, ಸಿಂಬೆ, ಅದನ್ನು ಹೊಲಿದವಳು ಇವೆಲ್ಲ ದಾರಿಯಲ್ಲಿ ಕಳಚಿಹೋಗಿ ‘ಟ್ರೈಬಲ್’ ಎಂಬ ಒಂದೇ ಚೀಟಿ ಉಳಿಯಿತು.

ಆ ಪದ ಇಲ್ಲಿ ಯಾವ ಜನವನ್ನೂ ಸೂಚಿಸುವುದಿಲ್ಲ. ನರ್ತಕಿಯರ ತಂಡವೇ ಒಂದು ಕುಲವೆಂಬ ಭಾವವನ್ನಷ್ಟೇ ಹೇಳುತ್ತದೆ. ನಮ್ಮ ಗಡಿಗಳಲ್ಲಿ ಅದೇ ಪದದ ತೂಕ ಬೇರೆ. ರಾಯದುರ್ಗದ ಕಡೆಯ ಲಂಬಾಣಿ ಆಂಧ್ರಪ್ರದೇಶದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರುತ್ತಾನೆ. ಗಡಿ ದಾಟಿ ಬಳ್ಳಾರಿಗೆ ಬಂದರೆ ಅದೇ ಸಮುದಾಯ ಪರಿಶಿಷ್ಟ ಜಾತಿ. ಸೊಲ್ಲಾಪುರಕ್ಕೆ ಹೋದರೆ ವಿಮುಕ್ತ ಜಾತಿ. ಮಾತು ಒಂದೇ, ಕಸೂತಿ ಒಂದೇ. ಶಾಲೆಯ ಪ್ರವೇಶ, ಉದ್ಯೋಗದ ಮೀಸಲಾತಿ ಮಾತ್ರ ಪಟ್ಟಿಯ ಹೆಸರನ್ನು ಅವಲಂಬಿಸಿವೆ. ಬುಡಕಟ್ಟು ಎನ್ನಿಸಿಕೊಳ್ಳುವುದು ಒಂದೆಡೆ ವೇಷದ ಸೊಗಸು, ಇನ್ನೊಂದೆಡೆ ಬದುಕಿನ ಪ್ರಶ್ನೆ.

2020ರಲ್ಲಿ ನೆರಿಚಿಯೊ ಅವರ ಸಂಸ್ಥೆ ‘ಟ್ರೈಬಲ್’ ಪದವನ್ನು ಕೈಬಿಟ್ಟು ತನ್ನ ಹೆಸರಿನ ಮೊದಲಕ್ಷರಗಳಿಂದಲೇ ಶೈಲಿಯನ್ನು ಗುರುತಿಸತೊಡಗಿತು. ಇದು ಸ್ವಾಗತಾರ್ಹ, ಆದರೂ ಅರ್ಧ ಪರಿಹಾರ. ಚೀಟಿಯನ್ನು ಕಿತ್ತ ಮೇಲೂ ಚೋಲಿ, ಪದಕ, ಕಸೂತಿಗಳು ಅಲ್ಲೇ ಉಳಿದಿವೆ. ಅವುಗಳ ಮೂಲದತ್ತ ಬೆರಳು ತೋರಿಸುತ್ತಿದ್ದ ಒಂದು ಒರಟು ಗುರುತೂ ಈಗ ಇಲ್ಲವಾಗಿದೆ. ತಪ್ಪು ಹೆಸರೊಂದನ್ನು ಅಳಿಸಿದರೆ ಸಾಲದು, ಸರಿಯಾದ ಹಲವು ಹೆಸರುಗಳನ್ನು ಬರೆಯಬೇಕು. ಕಾರ್ಯಕ್ರಮದ ಕರಪತ್ರದಲ್ಲಿ ಸಂಗೀತಗಾರರ ಹೆಸರಿರುವಂತೆ, ಪಟ್ಟಿಯ ಕಸೂತಿ ಬಂಜಾರರದು, ಶಾಲು ಅಸ್ಯೂತಿನದು ಎಂದು ಬರೆಯಲು ಎರಡು ಸಾಲು ಸಾಕು.

ಈ ಮಾತನ್ನು ಹೇಳುವ ನಾವೂ ಹೊಣೆಯಿಂದ ಮುಕ್ತರಲ್ಲ. ನಮ್ಮ ಶಾಲಾ ವಾರ್ಷಿಕೋತ್ಸವಗಳ ‘ಲಂಬಾಣಿ ನೃತ್ಯ’ಕ್ಕೆ ಬಾಡಿಗೆಯ ಸ್ಯಾಟಿನ್ ಲಂಗವೂ ಅಂಟಿಸಿದ ಹೊಳೆವ ಬಿಲ್ಲೆಗಳೂ ಸಾಕಾಗುತ್ತವೆ. ಕಾಂಚಳಿ, ಫೇಟಿಯಾ ಎಂಬ ಹೆಸರುಗಳನ್ನು ಕುಣಿಯುವ ಮಗುವಿಗೆ ಎಷ್ಟು ಮಂದಿ ಹೇಳಿಕೊಡುತ್ತೇವೆ? ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ; ಕಿಲಣ್, ವೇಲೆ, ಮಾಕಿ, ನಕ್ರಾ ಎಂದು ಅದರ ಒಂದೊಂದು ಹೊಲಿಗೆಗೂ ಹೆಸರಿದೆ. ಗಡಿಯ ಆಚೆ ಕನ್ನಡವು ತನ್ನ ಹೆಸರಿನಿಂದಲೇ ಗುರುತಿಸಲ್ಪಡಬೇಕೆಂದು ಬಯಸುವ ನಾವು, ನಮ್ಮ ಪಕ್ಕದ ತಾಂಡಾದ ಹೊಲಿಗೆಯನ್ನೂ ಅದರದೇ ಹೆಸರಿನಿಂದ ಕರೆಯುವುದನ್ನು ಮೊದಲು ರೂಢಿಸಿಕೊಳ್ಳಬೇಕಾಗಿದೆ.