ನಗೆಯ ನಡುವೆ ಲೋಕಾಂತ್ಯ

ಲೋಕಾಂತ್ಯದಂತಹ ಗಂಭೀರ ವಿಷಯವನ್ನು ನಗೆಗೀಡು ಮಾಡಬಹುದೇ ಎಂಬ ಶಂಕೆಯಿಂದಲೇ ನಾವು ‘ಗುಡ್ ಓಮೆನ್ಸ್’ ಕಾದಂಬರಿಯನ್ನು ಕೈಗೆತ್ತಿಕೊಂಡೆವು. ಟೆರ್ರಿ ಪ್ರ್ಯಾಚೆಟ್ ಮತ್ತು ನೀಲ್ ಗೇಮನ್ ಎಂಬ ಇಬ್ಬರು ಆಂಗ್ಲ ಲೇಖಕರು ಕೂಡಿ ರಚಿಸಿದ ಈ ಕೃತಿ 1990ರಲ್ಲಿ ಪ್ರಕಟವಾಯಿತು.

ಕ್ರೈಸ್ತರ ಪ್ರಕಟನೆ ಗ್ರಂಥವು ವರ್ಣಿಸುವ ಅಂತ್ಯಕಾಲವೇ ಇದರ ವಸ್ತು. ಲೋಕವನ್ನು ಮುಗಿಸಲೆಂದು ಬಂದ ಸೈತಾನನ ಶಿಶು ಸನ್ಯಾಸಿನಿಯರ ಪ್ರಮಾದದಿಂದ ಅದಲುಬದಲಾಗಿ, ಟ್ಯಾಡ್‌ಫೀಲ್ಡ್ ಎಂಬ ಹಳ್ಳಿಯ ಸಾಮಾನ್ಯ ಗೃಹಸ್ಥರ ಮಗನಾಗಿ ಬೆಳೆಯುತ್ತದೆ. ಏದೆನ್ ತೋಟದ ಬಾಗಿಲು ಕಾದಿದ್ದ ದೇವದೂತ ಅಜಿರಾಫೇಲ್ ಈಗ ಲಂಡನ್ನಿನಲ್ಲಿ ಹಳೆಯ ಪುಸ್ತಕಗಳ ವ್ಯಾಪಾರಿ. ಅದೇ ತೋಟದ ಸರ್ಪವಾಗಿದ್ದ ಕ್ರೌಲಿ ಬೆಂಟ್ಲಿ ಕಾರಿನಲ್ಲಿ ಸಂಚರಿಸುವ ನಾಗರಿಕ. ಸಹಸ್ರಾರು ವರ್ಷಗಳ ಒಡನಾಟದಿಂದ ಇಬ್ಬರೂ ಮಿತ್ರರಾಗಿದ್ದಾರೆ. ಲೋಕ ಮುಗಿಯುವುದು ಇಬ್ಬರಿಗೂ ಬೇಡ.

ಕೃತಿಯ ಮರ್ಮ ನಮಗೆ ಕಂಡದ್ದು ಒಂದು ಚಿಕ್ಕ ಪ್ರಸಂಗದಲ್ಲಿ. ಸ್ಪೇನಿನ ಧರ್ಮವಿಚಾರಣೆಯ ಕ್ರೌರ್ಯಕ್ಕಾಗಿ ನರಕದಿಂದ ಕ್ರೌಲಿಗೆ ಪ್ರಶಂಸಾಪತ್ರ ಬರುತ್ತದೆ. ಅವನಿಗೋ ಆ ಸಂಗತಿಯೇ ತಿಳಿಯದು. ಹೋಗಿ ನೋಡಿ ಬಂದವನು ಒಂದು ವಾರ ಕುಡಿದು ಬೀಳುತ್ತಾನೆ. ಧರ್ಮದ ಹೆಸರಿನಲ್ಲಿ ಮನುಷ್ಯರು ತಾವೇ ಮಾಡಿದುದನ್ನು ಕಂಡು ಪಿಶಾಚಿಯೇ ತತ್ತರಿಸಿತು! ಧರ್ಮಪೀಠಗಳಲ್ಲಿ ಕುಳಿತ ನಮ್ಮಂಥವರು ಈ ಪುಟವನ್ನು ನಗುತ್ತ ದಾಟಿಹೋಗಲಾಗದು.

ಅಂತ್ಯಕಾಲದ ನಾಲ್ವರು ಸವಾರರು ಇಲ್ಲಿ ಕುದುರೆ ಬಿಟ್ಟು ಮೋಟಾರ್ ಸೈಕಲ್ ಏರಿದ್ದಾರೆ. ಕ್ಷಾಮವು ಸತ್ತ್ವವಿಲ್ಲದ ಆಹಾರವನ್ನು ಮಾರುವ ಉದ್ಯಮಿ. ಪೆನಿಸಿಲಿನ್ನಿನ ಕಾರಣದಿಂದ ಮಹಾಮಾರಿಯು 1936ರಲ್ಲಿ ನಿವೃತ್ತವಾಗಿ, ಆ ಸ್ಥಾನಕ್ಕೆ ಮಾಲಿನ್ಯ ಬಂದಿದೆ. (2020ನ್ನು ಕಂಡ ನಮಗೆ ಆ ನಿವೃತ್ತಿ ತುಸು ಅವಸರದ್ದೆನಿಸುತ್ತದೆ.) ಮಾಟಗಾತಿಯರನ್ನು ಬೇಟೆಯಾಡುವವರ ಉಪಕಥೆ ಮಾತ್ರ ಅನಾವಶ್ಯಕವಾಗಿ ಬೆಳೆದಿದೆ.

ಸ್ವರ್ಗ ನರಕಗಳೆರಡನ್ನೂ ಕೇವಲ ಎರಡು ಕಚೇರಿಗಳಂತೆ ಚಿತ್ರಿಸಿದರೆ ಒಳಿತು ಕೆಡಕುಗಳ ಭೇದವೇ ಅಳಿಯುವುದಿಲ್ಲವೇ? ಈ ಆಕ್ಷೇಪಕ್ಕೆ ಉತ್ತರ ಹನ್ನೊಂದು ವರ್ಷದ ಬಾಲಕ ಆಡಮ್‌ನಲ್ಲಿದೆ. ಶಕ್ತಿ ಕೈಗೂಡಿದೊಡನೆ ಅವನು ಲೋಕವನ್ನೇ ಗೆಳೆಯರಿಗೆ ಹಂಚಲು ಹೊರಡುತ್ತಾನೆ; ಅವರು ತನಗೆ ಅಂಜುತ್ತಿರುವುದನ್ನು ಕಂಡು ಹಿಂದೆಗೆಯುತ್ತಾನೆ. ಅವನನ್ನು ತಡೆದುದು ದೇವದೂತನ ಉಪದೇಶವೂ ಅಲ್ಲ, ನರಕದ ಭಯವೂ ಅಲ್ಲ. ಇಡೀ ಕೃತಿಯಲ್ಲಿ ಇದಕ್ಕಿಂತ ಗಂಭೀರವಾದ ಸನ್ನಿವೇಶ ಮತ್ತೊಂದಿಲ್ಲ.

ಆದರೆ ಕೊನೆಯಲ್ಲಿ ಅದೇ ಬಾಲಕ ಎಲ್ಲವನ್ನೂ ಸರಿಪಡಿಸಿಬಿಡುತ್ತಾನೆ. ಸುಟ್ಟ ಪುಸ್ತಕದಂಗಡಿ ಮತ್ತೆ ಎದ್ದುನಿಲ್ಲುತ್ತದೆ, ಕಾರು ಮೊದಲಿನಂತಾಗುತ್ತದೆ. ಯಾರೂ ಯಾವುದಕ್ಕೂ ಬೆಲೆ ತೆರುವುದಿಲ್ಲ. ಸ್ಪೇನಿನ ಪ್ರಸಂಗವನ್ನು ಬರೆದ ಲೇಖನಿಗೆ ಇದು ತಕ್ಕ ಮುಕ್ತಾಯವೆಂದು ನಮಗೆ ತೋರಲಿಲ್ಲ.