ಬೂಸ್ಟರ್‌ಗೂ ಮೊದಲು

ಕೇಬಲ್ ಟಿವಿಯ ಚಿತ್ರ ಚೌಕ ಚೌಕವಾಗಿ ಒಡೆದು, ಮಾತು ನಡುನಡುವೆ ಕಡಿದು, ಕೊನೆಗೆ ಪರದೆಯ ಮೇಲೆ ‘ನೋ ಸಿಗ್ನಲ್’ ಎಂದು ಮೂಡಿತೆಂದರೆ ಹೆಚ್ಚಿನ ಮನೆಗಳಲ್ಲಿ ಮೊದಲು ಕೇಳಿಬರುವ ಸಲಹೆ ಬೂಸ್ಟರ್ ಹಾಕಿಸುವುದು. ಬಾಗಿಲವರೆಗೆ ಸಾಕಷ್ಟು ಬಲದಿಂದ ಬಂದ ಸಿಗ್ನಲ್ ಒಳಗಿನ ಹತ್ತಿಪ್ಪತ್ತು ಮೀಟರ್ ದಾರಿಯಲ್ಲಿಯೇ ಸೋರಿಹೋಗಿರುವ ಸಾಧ್ಯತೆಯನ್ನು ಪರಿಶೀಲಿಸದೆ ಹಾಕಿದ ಬೂಸ್ಟರ್, ಸೋರಿಕೆಯನ್ನು ಹಾಗೆಯೇ ಉಳಿಸಿ ಅದರ ಮೇಲೊಂದು ವಿದ್ಯುತ್ ಖರ್ಚನ್ನು ಹೇರುತ್ತದೆ.

ಅನಲಾಗ್ ಕಾಲದಲ್ಲಿ ಈ ರೋಗ ಕಣ್ಣಿಗೆ ನೇರವಾಗಿ ಕಾಣುತ್ತಿತ್ತು. ಸಿಗ್ನಲ್ ಕುಗ್ಗಿದಷ್ಟೂ ಪರದೆಯಲ್ಲಿ ಬಿಳಿ ಚುಕ್ಕೆಗಳು ಹೆಚ್ಚುತ್ತಿದ್ದವು, ವೈರಿನ ಜಾಯಿಂಟ್ ಕೆಟ್ಟರೆ ಚಿತ್ರದ ಪಕ್ಕದಲ್ಲಿ ಅದರದೇ ನೆರಳು ಮೂಡುತ್ತಿತ್ತು. 2011ರಲ್ಲಿ ಕೇಬಲ್ ಟೆಲಿವಿಷನ್ ಜಾಲಗಳ ಕಾಯಿದೆಗೆ ತಿದ್ದುಪಡಿಯಾದ ಬಳಿಕ ಹಂತಹಂತವಾಗಿ ಜಾರಿಗೆ ಬಂದ ಡಿಜಿಟಲ್ ವ್ಯವಸ್ಥೆಗೆ ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31, ಉಳಿದೆಡೆಗೆ ಕೊನೆಯದಾಗಿ 2017ರ ಮಾರ್ಚ್ 31 ಗಡುವಾಗಿತ್ತು. ಈ ವ್ಯವಸ್ಥೆಯಲ್ಲಿ ಚಿತ್ರದ ಮಾಹಿತಿ 188 ಬೈಟ್‌ಗಳ ತುಂಡುಗಳಾಗಿ ಬರುತ್ತದೆ. ಪ್ರತಿ ತುಂಡಿಗೂ 16 ಹೆಚ್ಚುವರಿ ಬೈಟ್‌ಗಳು ಅಂಟಿಕೊಂಡಿದ್ದು, ಅವುಗಳ ನೆರವಿನಿಂದ ಸೆಟ್ ಟಾಪ್ ಬಾಕ್ಸ್ ಒಂದು ತುಂಡಿನಲ್ಲಿ 8 ಬೈಟ್‌ಗಳವರೆಗಿನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಈ ಮಿತಿಯವರೆಗೆ ಚಿತ್ರ ಅಚ್ಚುಕಟ್ಟಾಗಿಯೇ ಇರುತ್ತದೆ, ಮಿತಿ ದಾಟಿದೊಡನೆ ಒಮ್ಮೆಲೇ ಕುಸಿಯುತ್ತದೆ. ಆದ್ದರಿಂದ ನಿನ್ನೆಯವರೆಗೆ ಚೆನ್ನಾಗಿದ್ದ ಟಿವಿ ಇಂದು ದಿಢೀರನೆ ಕೆಟ್ಟಿತು ಎಂಬ ದೂರಿನ ಹಿಂದೆ ತಿಂಗಳುಗಟ್ಟಲೆ ಸದ್ದಿಲ್ಲದೆ ಹದಗೆಡುತ್ತಿದ್ದ ಒಂದು ಜಾಯಿಂಟ್ ಇರುವುದು ಅಪರೂಪವಲ್ಲ.

ತಪಾಸಣೆಯ ಮೊದಲ ಹೆಜ್ಜೆಗೆ ಯಾವ ಉಪಕರಣವೂ ಬೇಡ. ಹೊರಗಿನ ವೈರು ಮನೆಯೊಳಕ್ಕೆ ಬರುವ ಜಾಗಕ್ಕೆ ಬಾಕ್ಸನ್ನೂ ಒಂದು ಸಣ್ಣ ಟಿವಿಯನ್ನೂ ಒಯ್ದು, ನಡುವೆ ಸಿಗ್ನಲ್ಲನ್ನು ಹಂಚುವ ಸ್ಪ್ಲಿಟರ್, ಗೋಡೆಯ ಸಾಕೆಟ್‌ಗಳನ್ನೆಲ್ಲ ಬಿಟ್ಟು, ಆ ವೈರನ್ನೇ ನೇರವಾಗಿ ಸಿಕ್ಕಿಸಿ ನೋಡಬೇಕು. ಅಲ್ಲಿಯೂ ತೊಂದರೆ ಹಾಗೆಯೇ ಇದ್ದರೆ ಒಳಗಿನ ವೈರಿಂಗ್ ನಿರ್ದೋಷಿ, ಮುಂದಿನ ಕೆಲಸ ಕೇಬಲ್‌ನವರದು. ಕರೆಂಟು ಹೋದಾಗ ಮನೆಯ ಯುಪಿಎಸ್ ನಡೆಯುತ್ತಿದ್ದರೂ ಕೇಬಲ್ ಮಾತ್ರ ಸ್ಥಗಿತವಾಗುವುದೂ ಇದೇ ವರ್ಗಕ್ಕೆ ಸೇರಿದ್ದು, ಏಕೆಂದರೆ ಬೀದಿಯ ಆಂಪ್ಲಿಫೈಯರ್‌ಗೆ ವಿದ್ಯುತ್ ಬೇರೆಲ್ಲಿಂದಲೋ ಬರುತ್ತಿರುತ್ತದೆ.

ಬಾಕ್ಸಿನ ಮೆನುವಿನಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳು ಕಾಣುತ್ತವೆ. ಸಿಗ್ನಲ್ ಸ್ಟ್ರೆಂತ್ ಎಂಬುದು ಬಂದು ತಲುಪಿದ ಬಲದ ಅಳತೆ, ಸಿಗ್ನಲ್ ಕ್ವಾಲಿಟಿ ಎಂಬುದು ಆ ಬಲದಲ್ಲಿ ಮಾಹಿತಿ ಎಷ್ಟು ಶುದ್ಧವಾಗಿ ಉಳಿದಿದೆ ಎಂಬುದರ ಅಳತೆ. ಮೊದಲನೆಯದು ತುಂಬಿದ್ದು ಎರಡನೆಯದು ಬರಿದಾಗಿದ್ದರೆ ಆ ಮನೆಗೆ ಬಲ ಬೇಕಾಗಿಲ್ಲ. ಅಲ್ಲಿ ಗದ್ದಲ, ಅಂದರೆ ಬೇಡದ ವಿದ್ಯುತ್ ಕಂಪನ, ಒಳಸೇರಿದೆ ಅಥವಾ ಸಿಗ್ನಲ್ಲಿನ ಒಂದು ಭಾಗ ಎಲ್ಲೋ ಬಡಿದು ಹಿಂತಿರುಗುತ್ತಿದೆ. ಎರಡನೆಯ ಪಟ್ಟಿಯನ್ನು ಓದದೆ ಕೊಡುವ ಸಲಹೆಗೆ ಬೆಲೆ ಕಡಿಮೆ.

ಬಲದ ಲೆಕ್ಕವನ್ನು ಡೆಸಿಬೆಲ್‌ಗಳಲ್ಲಿ ಇಡಲಾಗುತ್ತದೆ. 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧವಾಗುತ್ತದೆ. ಕೇಬಲ್ ಕ್ಷೇತ್ರದ ಮೀಟರುಗಳು ಒಂದು ಮೈಕ್ರೋವೋಲ್ಟನ್ನು ಸೊನ್ನೆಯೆಂದು ಹಿಡಿಯುವುದರಿಂದ ಒಂದು ಮಿಲಿವೋಲ್ಟ್ ಎಂದರೆ 60 ಎಂದು ತೋರಿಸುತ್ತವೆ, ಮತ್ತು ಬಾಕ್ಸಿಗೆ ಸ್ಥೂಲವಾಗಿ 50ರಿಂದ 70ರ ನಡುವಿನ ಮಟ್ಟ ಹಿತವಾದದ್ದು. ತಾರಸಿಗೆ ಬಂದ ಸಿಗ್ನಲ್ 64 ಇದೆಯೆಂದುಕೊಂಡರೆ, ಆರ್‌ಜಿ-6 ಎಂಬ ಸಾಮಾನ್ಯ ಕೇಬಲ್ 30 ಮೀಟರಿಗೆ ಮೇಲಿನ ಚಾನೆಲ್‌ಗಳಲ್ಲಿ ಸುಮಾರು 6ನ್ನು ನುಂಗುತ್ತದೆ, ನಾಲ್ಕು ದಾರಿಯ ಸ್ಪ್ಲಿಟರ್ 7ರಿಂದ 8ನ್ನು ಕಳೆಯುತ್ತದೆ, ಮುಂದೆ ಮಲಗುವ ಕೋಣೆಯ ಟಿವಿಗಾಗಿ ಸೇರಿಸಿದ ಎರಡು ದಾರಿಯ ಇನ್ನೊಂದು ಸ್ಪ್ಲಿಟರ್ ಮತ್ತೆ 4ನ್ನು ತಿನ್ನುತ್ತದೆ. ಉಳಿಯುವುದು 46ರ ಆಸುಪಾಸು. ಇರುವುದು ಎರಡೇ ಟಿವಿಯಾದರೂ ಅಂಗಡಿಯಲ್ಲಿ ಸಿಕ್ಕಿತೆಂದು ನಾಲ್ಕು ದಾರಿಯದನ್ನು ಕೂರಿಸುವ ಅಭ್ಯಾಸ ವ್ಯಾಪಕವಾಗಿದೆ. ಬಳಸದ ಬಾಯಿಗಳಿಗೂ ಸಿಗ್ನಲ್ ಸಮಪಾಲಾಗಿ ಹೋಗುವುದರಿಂದ ಅದನ್ನು ತೆಗೆದು ಎರಡು ದಾರಿಯದನ್ನು ಹಾಕಿದಷ್ಟಕ್ಕೇ, ಬೂಸ್ಟರ್ ಇಲ್ಲದೆ, ಸುಮಾರು 4 ಡೆಸಿಬೆಲ್ ಮರಳಿ ಬರುತ್ತದೆ.

ಯಾವ ಚಾನೆಲ್‌ಗಳು ಕೆಡುತ್ತವೆ ಎಂಬುದು ಎಲ್ಲಕ್ಕಿಂತ ಉಪಯುಕ್ತವಾದ ಸುಳಿವು. ಕೇಬಲ್‌ನಲ್ಲಿ ಹತ್ತಾರು ಚಾನೆಲ್‌ಗಳು ಒಟ್ಟಾಗಿ ಒಂದೇ ವಾಹಕ ತರಂಗದ ಮೇಲೆ ಬರುತ್ತವೆ. ಆದ್ದರಿಂದ ಒಂದು ಗುಂಪಿನ ಚಾನೆಲ್‌ಗಳೆಲ್ಲ ಒಟ್ಟಿಗೆ ಕೆಟ್ಟು ಮಿಕ್ಕವು ಸರಿಯಾಗಿದ್ದರೆ ತೊಂದರೆ ಆ ವಾಹಕದ ಆವೃತ್ತಿಗೆ, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದಕ್ಕೆ, ಸಂಬಂಧಿಸಿದ್ದೆಂದು ತಿಳಿಯಬೇಕು. ಉದ್ದನೆಯ ಅಥವಾ ನೀರು ಹೊಕ್ಕ ಕೇಬಲ್ ಹೆಚ್ಚಿನ ಆವೃತ್ತಿಯವುಗಳನ್ನೇ ಮೊದಲು ಬಲಿ ತೆಗೆದುಕೊಳ್ಳುತ್ತದೆ. ಇದಕ್ಕೆ ವಿರುದ್ಧವಾಗಿ ಕಡಿಮೆ ಆವೃತ್ತಿಯವು ಮಾತ್ರ ಮಾಯವಾದರೆ ನಡುತಂತಿ ಎಲ್ಲೋ ತುಂಡಾಗಿ ಕೂದಲೆಳೆಯ ಅಂತರದಲ್ಲಿ ನಿಂತಿರುವ ಶಂಕೆ ಬಲವಾಗುತ್ತದೆ, ಏಕೆಂದರೆ ಅಂಥ ಬಿರುಕು ಸಣ್ಣ ಕೆಪಾಸಿಟರ್‌ನಂತೆ ವರ್ತಿಸಿ ಹೆಚ್ಚಿನ ಆವೃತ್ತಿಗಳನ್ನು ದಾಟಿಸಿ ಕಡಿಮೆಯವನ್ನು ತಡೆಯುತ್ತದೆ.

ಮನೆಗಳಲ್ಲಿ ಕಾಣುವ ವಿಚಿತ್ರವಾದ ದೋಷವೊಂದು ಹಳೆಯ ತುಂಡು ವೈರಿನದು. ಸ್ಪ್ಲಿಟರ್ ಇಲ್ಲದೆ, ಇನ್ಸುಲೇಶನ್ ಟೇಪ್ ಸುತ್ತಿದ ಜಾಯಿಂಟಿನಿಂದ ಕವಲೊಡೆದು, ಇನ್ನೊಂದು ತುದಿಯಲ್ಲಿ ಯಾವ ಟಿವಿಗೂ ಸೇರದೆ ಜೋತುಬಿದ್ದ ಒಂದು ಮೀಟರ್ ಕೇಬಲ್ ನಿರುಪದ್ರವಿಯಂತೆ ಕಾಣುತ್ತದೆ. ಅದರ ತೆರೆದ ತುದಿಗೆ ಬಡಿದು ಹಿಂತಿರುಗುವ ತರಂಗ, ಕೇಬಲ್ ಉದ್ದ ತರಂಗದೂರದ ಕಾಲುಭಾಗವಾಗುವ ಆವೃತ್ತಿಯಲ್ಲಿ, ಜಾಯಿಂಟಿನ ಬಳಿ ಮೂಲ ಸಿಗ್ನಲ್ಲನ್ನೇ ಅಳಿಸಿಹಾಕುತ್ತದೆ. ಈ ಕೇಬಲ್‌ಗಳಲ್ಲಿ ತರಂಗದ ವೇಗ ಬೆಳಕಿನ ವೇಗದ ಶೇಕಡಾ 80ಕ್ಕೂ ತುಸು ಹೆಚ್ಚಿರುವುದರಿಂದ ಒಂದು ಮೀಟರ್ ತುಂಡಿಗೆ ಆ ಆವೃತ್ತಿ 62 ಮೆಗಾಹರ್ಟ್ಸ್ ಸುತ್ತಮುತ್ತ ಬರುತ್ತದೆ, ಅದರ ಮೂರು, ಐದು, ಏಳು ಪಟ್ಟುಗಳಲ್ಲಿಯೂ ಅಂಥದೇ ಕುಳಿಗಳು ಬೀಳುತ್ತವೆ. ಎಷ್ಟು ಶಕ್ತಿಯ ಬೂಸ್ಟರ್ ಹಾಕಿದರೂ ಕುಳಿ ಕುಳಿಯಾಗಿಯೇ ಉಳಿಯುತ್ತದೆ. ಮದ್ದು ಒಂದು ಕತ್ತರಿ. ಸ್ಪ್ಲಿಟರಿನ ಖಾಲಿ ಬಾಯಿಗಳಿಗೂ 75 ಓಮ್ ಟರ್ಮಿನೇಟರ್, ಎಂದರೆ ಕೇಬಲ್‌ನಷ್ಟೇ ಪ್ರತಿರೋಧವುಳ್ಳ ಪುಟ್ಟ ಮುಚ್ಚಳ, ತಿರುಗಿಸಿಟ್ಟರೆ ಒಳ್ಳೆಯದು.

ಕನೆಕ್ಟರ್ ಕೂರಿಸುವ ಕೆಲಸದಲ್ಲಿ ಕುಶಲಕರ್ಮಿಯ ಕೈ ಗೊತ್ತಾಗುತ್ತದೆ. ಹೊರಗಿನ ಕಪ್ಪು ಹೊದಿಕೆಯನ್ನು ಸುಲಿದು, ಒಳಗಿನ ಜಾಲರಿ ಎಳೆಗಳನ್ನು ಹಿಂದಕ್ಕೆ ಮಡಚಿ, ಬಿಳಿಯ ನೊರೆಪ್ಲಾಸ್ಟಿಕ್ ಕನೆಕ್ಟರಿನ ಒಳತಳಕ್ಕೆ ಸರಿಸಮವಾಗಿ ನಿಂತು, ಒಂದು ಮಿಲಿಮೀಟರ್ ದಪ್ಪದ ನಡುತಂತಿ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಮಾತ್ರ ಹೊರಗೆ ಇಣುಕುವಂತಿರಬೇಕು. ಜಾಲರಿಯ ಒಂದೇ ಒಂದು ಎಳೆ ನಡುತಂತಿಗೆ ತಗಲಿದರೆ ಸಿಗ್ನಲ್ ಶಾರ್ಟ್ ಆಗುತ್ತದೆ. ನಡುತಂತಿ ಹಲವು ಕೇಬಲ್‌ಗಳಲ್ಲಿ ತಾಮ್ರ ಲೇಪಿಸಿದ ಉಕ್ಕು. ಹೆಚ್ಚಿನ ಆವೃತ್ತಿಯ ವಿದ್ಯುತ್ ತಂತಿಯ ಮೇಲ್ಮೈಯಲ್ಲಷ್ಟೇ ಹರಿಯುವುದರಿಂದ ಅದರಲ್ಲಿ ಕೊರತೆಯೇನಿಲ್ಲ, ಆದರೆ ಸುಲಿಯುವಾಗ ಬ್ಲೇಡ್ ತಾಗಿ ತಾಮ್ರ ಗೀರಿದರೆ ಕರಾವಳಿಯ ಉಪ್ಪುಗಾಳಿಗೆ ಅಲ್ಲಿಂದಲೇ ತುಕ್ಕು ಹತ್ತುತ್ತದೆ. ಕೈಯಿಂದ ತಿರುಚಿ ಹಾಕುವ ಕನೆಕ್ಟರ್ ಅಗ್ಗವಾದರೂ ಸಡಿಲಗೊಳ್ಳುತ್ತದೆ; ಅದುಮುವ ಉಪಕರಣದಿಂದ ಕೂರಿಸುವ ಕಂಪ್ರೆಶನ್ ಬಗೆಯದಕ್ಕೆ ತುಸು ಹೆಚ್ಚು ಕೊಡುವುದರಲ್ಲಿ ನಷ್ಟವಿಲ್ಲ. ಹೊದಿಕೆ ಒಡೆದ ಜಾಗದಲ್ಲಿ ಮೊಬೈಲ್ ಸಿಗ್ನಲ್ಲೂ ಒಳನುಗ್ಗುತ್ತದೆ: ಕೇಬಲ್ ಬಳಸುವ ಆವೃತ್ತಿಗಳು 862 ಮೆಗಾಹರ್ಟ್ಸ್‌ವರೆಗೆ ಚಾಚಿರುವುದರಿಂದ 700 ಮತ್ತು 850 ಮೆಗಾಹರ್ಟ್ಸ್ ಪಟ್ಟಿಗಳಲ್ಲಿನ ಫೋನುಗಳು ಅವುಗಳೊಡನೆ ನೇರವಾಗಿ ತಿಕ್ಕಾಡಬಲ್ಲವು.

ಇಷ್ಟೆಲ್ಲ ನೋಡಿದ ಮೇಲೂ, ಬಾಗಿಲಲ್ಲಿ ಸಿಗ್ನಲ್ ಶುದ್ಧವಾಗಿದ್ದು, ಮನೆ ದೊಡ್ಡದಾಗಿ ಟಿವಿಗಳು ಹಲವಿದ್ದರೆ ಬೂಸ್ಟರ್‌ಗೆ ನ್ಯಾಯವಾದ ಸ್ಥಾನವಿದೆ. ಅದರ ಜಾಗ ಟಿವಿಯ ಹಿಂಬದಿಯಲ್ಲ, ಸ್ಪ್ಲಿಟರಿಗೆ ಮೊದಲು. ಬಲ ಕುಗ್ಗಿದ ಮೇಲೆ ಹಾಕಿದರೆ ಅದು ಸಿಗ್ನಲ್ಲಿನ ಜೊತೆಗೆ ಗದ್ದಲವನ್ನೂ ಅಷ್ಟೇ ಎತ್ತಿ, ತನ್ನದೊಂದಿಷ್ಟನ್ನು ಸೇರಿಸುತ್ತದೆ. ಬಲ ಹೆಚ್ಚಿಸುವ ಗೇನ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸುವುದೂ ಸಲ್ಲದು, ಏಕೆಂದರೆ ಮಿತಿಮೀರಿದ ಬಲದಲ್ಲಿ ಬೂಸ್ಟರೂ ಬಾಕ್ಸೂ ತರಂಗಗಳನ್ನು ಒಂದಕ್ಕೊಂದು ಬೆರೆಸಿ ಹೊಸ ಗದ್ದಲವನ್ನೇ ಹುಟ್ಟಿಸುತ್ತವೆ. ಗುಂಡಿಯನ್ನು ಅತಿ ಕೆಳಗಿನಿಂದ ಏರಿಸುತ್ತ, ಅತ್ಯಂತ ದೂರದ ಕೋಣೆಯ ಬಾಕ್ಸಿನಲ್ಲಿ ಕ್ವಾಲಿಟಿ ಪಟ್ಟಿ ಏರುವುದು ನಿಂತಲ್ಲಿ ನಿಲ್ಲಿಸಬೇಕು. ಸ್ಟ್ರೆಂತ್ ಮಾತ್ರ ಏರಿ ಕ್ವಾಲಿಟಿ ಕದಲದಿದ್ದರೆ ಬೂಸ್ಟರನ್ನು ಬಿಚ್ಚಿ ಅಂಗಡಿಗೆ ಹಿಂತಿರುಗಿಸಬಹುದು.